ಮೊದಲು ಮನೆ, ಆಮೇಲೆ ಬೆಕ್ಕು: ಜರ್ಮನಿಗೆ ಓದಲು ಹೊರಟ ಕೊಡಗಿನ ಮಕ್ಕಳಿಗೆ ಸಮಗ್ರ ಮಾರ್ಗದರ್ಶಿ

ಅಮ್ಮತ್ತಿ ಹತ್ತಿರದ ನಮ್ಮ ಮನೆಯಲ್ಲಿ ಬೆಕ್ಕುಗಳಿಗೆ ಬಾಗಿಲ ಹಂಗಿರಲಿಲ್ಲ. ಹಗಲೆಲ್ಲ ಕಾಫಿ ಗಿಡಗಳ ಬುಡದಲ್ಲಿ, ಸಂಜೆಯಾದರೆ ಒಲೆಯ ಪಕ್ಕದಲ್ಲಿ, ಕಕ್ಕಡ ತಿಂಗಳ ಮಳೆ ಹಿಡಿದರೆ ವಾರಗಟ್ಟಲೆ ಅಟ್ಟದ ಮೇಲೆ. ಆ ಪೈಕಿ ಒಂದು ಪಟ್ಟೆ ಬೆಕ್ಕು, ಪೂಚಿ, ನಾನು ಎಂ.ಎಸ್ಸಿ. ಓದಲು ಜರ್ಮನಿಗೆ ಹೋದ ಆರು ತಿಂಗಳಿಗೆ ನನ್ನ ಹತ್ತಿರ ಬಂತು. ಈಗ ಊರಿಗೆ ಬಂದಾಗಲೆಲ್ಲ ಗೋಣಿಕೊಪ್ಪ, ವಿರಾಜಪೇಟೆ, ಸೋಮವಾರಪೇಟೆಯ ಹುಡುಗ ಹುಡುಗಿಯರು ಕೇಳುವುದು ಎರಡೇ ಪ್ರಶ್ನೆ: "ಅಕ್ಕಾ, ಬೆಕ್ಕನ್ನು ಕರ್ಕೊಂಡು ಹೋಗೋಕೆ ಬಿಡ್ತಾರಾ? ಬೆಕ್ಕು ಇದೆ ಅಂದ್ರೆ ಅಲ್ಲಿ ಮನೆ ಕೊಡ್ತಾರಾ?"

ಎರಡಕ್ಕೂ ಉತ್ತರ ಹೌದು. ಆದರೆ ಕೆಲಸಗಳ ಸರದಿ ತಪ್ಪಿದರೆ ಎರಡೂ ಕೆಡುತ್ತವೆ. ಬೆಕ್ಕಿನ ಕಾಗದಪತ್ರ ಎಲ್ಲಕ್ಕಿಂತ ಮೊದಲು. ನಿಮ್ಮ ಪ್ರಯಾಣ ಅದರ ನಂತರ. ಅಲ್ಲಿ ಬೆಕ್ಕಿಗೆ ಒಪ್ಪುವ ಮನೆ ಹುಡುಕುವುದು ಮೂರನೆಯದು. ಬೆಕ್ಕಿನ ಪ್ರಯಾಣ ಎಲ್ಲಕ್ಕಿಂತ ಕೊನೆಗೆ.

ಹೊರಡುವ ಮೊದಲು ಬೆಕ್ಕನ್ನೇ ನೋಡಿ

ತೋಟದಲ್ಲಿ ಬೆಳೆದ ಬೆಕ್ಕು ಮೂರನೇ ಮಹಡಿಯ ಒಂದೇ ಕೋಣೆಯಲ್ಲಿ ಇರಬಲ್ಲದೇ ಎಂಬುದನ್ನು ಮನೆಯಲ್ಲೇ ಪರೀಕ್ಷಿಸಬೇಕು. ಎಂಟು ಹತ್ತು ವರ್ಷ ದಾಟಿದ, ಇಲಿ ಹಿಡಿದುಕೊಂಡು ತೋಟ ಸುತ್ತುವುದೇ ಬದುಕಾದ, ನಿಮಗಿಂತ ಅಜ್ಜಿಯನ್ನೇ ಹೆಚ್ಚು ಹಚ್ಚಿಕೊಂಡ ಬೆಕ್ಕಾದರೆ ದಯವಿಟ್ಟು ಅದನ್ನು ಅಲ್ಲೇ ಬಿಡಿ. ನಿಮಗೆ ಆಗುವ ಸಂಕಟ ದೊಡ್ಡದೇ, ಆದರೆ ಅದಕ್ಕೆ ಆಗುವುದು ಅದಕ್ಕಿಂತ ದೊಡ್ಡದು. ಒಂದರಿಂದ ನಾಲ್ಕೈದು ವರ್ಷದ, ಮನೆಯೊಳಗೇ ಹೆಚ್ಚು ಮಲಗುವ, ಅಪರಿಚಿತರು ಬಂದರೆ ಕಾಡಿಗೆ ಓಡದ ಬೆಕ್ಕು ಹೊಂದಿಕೊಳ್ಳುತ್ತದೆ.

ಪೂಚಿಯನ್ನು ನಾನು ಹೊರಡುವ ಮೊದಲೇ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹೆಚ್ಚಿಸುತ್ತ, ಒಂದು ಕೋಣೆಯಲ್ಲಿ ಇರಲು ರೂಢಿಸಿದೆ. ತಟ್ಟೆಯಲ್ಲಿ ಮೊದಲು ತೋಟದ ಮಣ್ಣು, ಆಮೇಲೆ ಮಣ್ಣು ಮರಳು, ಆಮೇಲೆ ಅಂಗಡಿಯ ಬೆಕ್ಕಿನ ಮರಳು. ಮೀನು ಅನ್ನ ತಿನ್ನುತ್ತಿದ್ದ ಬೆಕ್ಕಿಗೆ ಒಣ ಆಹಾರವನ್ನು ಹತ್ತು ದಿನಗಳಲ್ಲಿ ನಿಧಾನವಾಗಿ ಬೆರೆಸಿ ಅಭ್ಯಾಸ ಮಾಡಿಸಿದೆವು. ಪ್ರಯಾಣದ ಚೀಲವನ್ನು ಮೂರು ತಿಂಗಳು ಮೊದಲೇ ತಂದು ಬಾಯಿ ತೆರೆದಿಟ್ಟು ಒಳಗೆ ಹಳೇ ಸೀರೆ ಹಾಸಿದರೆ ಬೆಕ್ಕು ತಾನಾಗಿ ಅಲ್ಲಿ ಮಲಗುತ್ತದೆ. ಚೀಲದಲ್ಲಿಟ್ಟು ಕಾರಿನಲ್ಲಿ ಮೊದಲು ಗೋಣಿಕೊಪ್ಪಕ್ಕೆ, ಆಮೇಲೆ ಹುಣಸೂರಿಗೆ, ಆಮೇಲೆ ಮೈಸೂರಿಗೆ ಹೋಗಿ ಬನ್ನಿ. ನಮ್ಮ ತಿರುವಿನ ರಸ್ತೆಗಳಲ್ಲಿ ವಾಂತಿ ಮಾಡುವ ಬೆಕ್ಕುಗಳೇ ಹೆಚ್ಚು. ಹೊರಡುವ ನಾಲ್ಕೈದು ಗಂಟೆ ಮೊದಲು ಊಟ ನಿಲ್ಲಿಸಿದರೆ ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಹೊರಡಬೇಡಿ. ಗಂಡು ಬೆಕ್ಕು ಗೋಡೆಗೆ ಮೂತ್ರ ಚಿಮ್ಮಿಸಿದರೆ ಆ ವಾಸನೆ ಹೋಗುವುದೇ ಇಲ್ಲ, ಮನೆ ಮಾಲೀಕರು ಮೊದಲು ಹೆದರುವುದೂ ಅದಕ್ಕೇ.

ಕಾಗದಪತ್ರ: ಮಳೆಗೆ ಮೊದಲೇ ಶುರು ಮಾಡಿ

ಐರೋಪ್ಯ ಒಕ್ಕೂಟದ ನಿಯಮದಲ್ಲಿ ರೇಬಿಸ್ ವಿಷಯಕ್ಕೆ ದೇಶಗಳ ಒಂದು ಪಟ್ಟಿ ಇದೆ. ಭಾರತ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಇಲ್ಲಿಂದ ಹೋಗುವ ಬೆಕ್ಕಿಗೆ ಲಸಿಕೆಯೊಂದೇ ಸಾಲದು, ಲಸಿಕೆ ರಕ್ತದಲ್ಲಿ ಕೆಲಸ ಮಾಡಿದೆ ಎಂದು ಪ್ರಯೋಗಾಲಯದಿಂದ ತೋರಿಸಬೇಕು. ಇದರ ಸರದಿ ಹೀಗೆ:

1. ಮೈಕ್ರೋಚಿಪ್. ಬೆಕ್ಕಿನ ಗುರುತಿನ ಸಂಖ್ಯೆ ಇರುವಂಥದ್ದು, ಅಕ್ಕಿಕಾಳಿನಷ್ಟು ದೊಡ್ಡದು, ಹೆಗಲಿನ ಚರ್ಮದಡಿ ಚುಚ್ಚುತ್ತಾರೆ. ಐಎಸ್‌ಒ ಮಾನದಂಡದ 15 ಅಂಕಿಯ ಚಿಪ್ ಆಗಿರಬೇಕು.

2. ರೇಬಿಸ್ ಲಸಿಕೆ. ಬೆಕ್ಕಿಗೆ ಕನಿಷ್ಠ 12 ವಾರ ತುಂಬಿರಬೇಕು. ಚಿಪ್ ಹಾಕಿದ ದಿನವೇ ಅಥವಾ ಆನಂತರವೇ ಲಸಿಕೆ ಆಗಬೇಕು, ಅದಕ್ಕೆ ಮೊದಲು ಆಗಿದ್ದರೆ ಲೆಕ್ಕಕ್ಕಿಲ್ಲ.

3. ಲಸಿಕೆಯಾಗಿ ಕನಿಷ್ಠ 30 ದಿನ ಕಳೆದ ಮೇಲೆ ರಕ್ತ ತೆಗೆಸಿ, ಐರೋಪ್ಯ ಒಕ್ಕೂಟ ಒಪ್ಪಿದ ಪ್ರಯೋಗಾಲಯಕ್ಕೆ ಕಳಿಸಬೇಕು. ಫಲಿತಾಂಶ ಮಿಲಿಲೀಟರಿಗೆ 0.5 ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚಿರಬೇಕು.

4. ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಾಯಬೇಕು. ಫಲಿತಾಂಶ ಕೈಗೆ ಬಂದ ದಿನದಿಂದ ಅಲ್ಲ.

5. ಹೊರಡುವ ವಾರದಲ್ಲಿ ಸರ್ಕಾರಿ ಪಶುವೈದ್ಯಾಧಿಕಾರಿಯ ಸಹಿಯ ಐರೋಪ್ಯ ಆರೋಗ್ಯ ಪ್ರಮಾಣಪತ್ರ. ನಮಗೆ ಇದು ಬೆಂಗಳೂರಿನಲ್ಲಿರುವ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕಚೇರಿಯಲ್ಲಿ ಆಗುವ ಕೆಲಸ. ಸಹಿ ಬಿದ್ದ 10 ದಿನದೊಳಗೆ ಬೆಕ್ಕು ಐರೋಪ್ಯ ಒಕ್ಕೂಟದೊಳಗೆ ಕಾಲಿಡಬೇಕು. ಆದ್ದರಿಂದ ತುಂಬ ಮೊದಲೂ ಮಾಡಿಸಬಾರದು.

ಎರಡನೆಯ ಅಂಶದಲ್ಲೇ ನಾನು ಎಡವಿದ್ದು. ಪೂಚಿಗೆ ಪ್ರತಿವರ್ಷ ರೇಬಿಸ್ ಲಸಿಕೆ ಹಾಕಿಸುತ್ತಿದ್ದೆವು, ಪುಸ್ತಕದಲ್ಲಿ ಸಹಿ, ಮುದ್ರೆ ಎಲ್ಲ ಇತ್ತು. ಅದನ್ನು ನಂಬಿ ಚಿಪ್ಪನ್ನು ಆಮೇಲೆ ಹಾಕಿಸಿ ನೇರವಾಗಿ ರಕ್ತಪರೀಕ್ಷೆಗೆ ಹೋದೆವು. ವೈದ್ಯರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಕಾಗದಗಳನ್ನು ಜೋಡಿಸಿಟ್ಟು ನೋಡುವಾಗ ಲಸಿಕೆಯ ದಿನಾಂಕ ಚಿಪ್ಪಿನ ದಿನಾಂಕಕ್ಕಿಂತ ಹಿಂದಿನದು ಎಂದು ಕಂಡಿತು. ಮತ್ತೆ ಲಸಿಕೆ, ಮತ್ತೆ 30 ದಿನ, ಮತ್ತೆ ರಕ್ತ, ಮತ್ತೆ ಮೂರು ತಿಂಗಳು. ನಿಮ್ಮ ಬೆಕ್ಕಿಗೆ ಲಸಿಕೆ ಈಗಾಗಲೇ ಆಗಿದ್ದರೂ ಚಿಪ್ ಹಾಕಿಸಿದ ಮೇಲೆ ಇನ್ನೊಮ್ಮೆ ಹಾಕಿಸಿ.

ಸಮಯದ ವಿಷಯದಲ್ಲಿ ನನ್ನ ಸಲಹೆ: ಕಾಫಿ, ಮೆಣಸಿನ ಕೊಯ್ಲು ಮುಗಿದು ಮಳೆ ಹಿಡಿಯುವ ಮೊದಲು, ಅಂದರೆ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ ಚಿಪ್ಪು ಮತ್ತು ಲಸಿಕೆ. ಜೂನ್‌ನಲ್ಲಿ ರಕ್ತ. ರಕ್ತದ ಮಾದರಿ ತಣ್ಣಗೇ ಪ್ರಯಾಣ ಮಾಡಬೇಕಾದ್ದರಿಂದ ಈ ಕೆಲಸವನ್ನು ಮೈಸೂರು ಅಥವಾ ಬೆಂಗಳೂರಿನಲ್ಲಿ, ಇದನ್ನು ಮಾಡಿ ಅನುಭವವಿರುವ ಪಶುವೈದ್ಯರಲ್ಲಿ ಮಾಡಿಸುವುದೇ ಕ್ಷೇಮ. ಸೆಪ್ಟೆಂಬರ್ ಹೊತ್ತಿಗೆ ಮೂರು ತಿಂಗಳು ತುಂಬುತ್ತದೆ. ವರ್ಷದ ಲಸಿಕೆಯಾದರೆ ಮುಂದಿನ ಮೇವರೆಗೆ ಚಾಲ್ತಿ ಇರುತ್ತದೆ. ಲಸಿಕೆಯನ್ನು ಅವಧಿ ಮುಗಿಯುವ ಮೊದಲೇ ಹಾಕಿಸುತ್ತ ಹೋದರೆ ರಕ್ತಪರೀಕ್ಷೆ ಮತ್ತೆ ಬೇಡ. ಒಂದು ದಿನ ತಪ್ಪಿದರೂ ಇಡೀ ಸರದಿ ಮೊದಲಿನಿಂದ.

ಕೊಡಗಿನ ಮಳೆಗಾಲ ಗೊತ್ತಿದ್ದವರಿಗೆ ಇನ್ನೊಂದು ಮಾತು. ಮರದ ಕಪಾಟಿನಲ್ಲಿಟ್ಟ ಲಸಿಕೆ ಪುಸ್ತಕಕ್ಕೆ ಜುಲೈಯಲ್ಲಿ ಬೂಷ್ಟು ಬಂದೇ ಬರುತ್ತದೆ, ಮುದ್ರೆಯ ಶಾಯಿ ಹರಡುತ್ತದೆ. ಅದನ್ನೂ ಪಾಸ್‌ಪೋರ್ಟನ್ನೂ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಪ್ರತಿ ಪುಟದ ಚಿತ್ರ ತೆಗೆದುಕೊಂಡಿರಿ.

ಜೊತೆಯಲ್ಲೇ ಕರೆದೊಯ್ಯಬೇಡಿ

ಇದು ನನ್ನ ಗಟ್ಟಿ ಅಭಿಪ್ರಾಯ. ಅಕ್ಟೋಬರ್‌ನಲ್ಲಿ ಚಳಿಗಾಲದ ಸೆಮಿಸ್ಟರ್ ಶುರುವಾಗುವಾಗ ಜರ್ಮನಿಯ ಎಲ್ಲ ವಿಶ್ವವಿದ್ಯಾಲಯದ ಊರುಗಳಲ್ಲೂ ಮನೆಗೆ ನೂಕುನುಗ್ಗಲು. ವಿದ್ಯಾರ್ಥಿ ಸೇವಾ ಸಂಸ್ಥೆಗಳು ನಡೆಸುವ ಹಾಸ್ಟೆಲುಗಳು ಅಗ್ಗ, ಆದರೆ ಸಾಮಾನ್ಯವಾಗಿ ಅಲ್ಲಿ ಬೆಕ್ಕಿಗೆ ಅವಕಾಶವಿಲ್ಲ. ಇಲ್ಲಿಂದಲೇ ಕೂತು ಬೆಕ್ಕಿಗೂ ಒಪ್ಪುವ ಮನೆ ಹುಡುಕಲು ಹೋದರೆ ಕಣ್ಣಾರೆ ನೋಡದ ಮನೆಗೆ ದುಡ್ಡು ಕಟ್ಟುವ ಪರಿಸ್ಥಿತಿ ಬರುತ್ತದೆ. ಅದೂ ಮಳೆಗಾಲದಲ್ಲಿ, ಕರೆಂಟು ಹೋಗಿ ನೆಟ್‌ವರ್ಕ್ ಇಲ್ಲದ ತೋಟದ ಮನೆಯಿಂದ ವಿಡಿಯೊ ಕರೆಯಲ್ಲಿ ಮನೆ ನೋಡುವುದು ಆಗದ ಮಾತು.

ಅದರ ಬದಲು ಮೊದಲ ಸೆಮಿಸ್ಟರಿಗೆ ಹಾಸ್ಟೆಲಿನಲ್ಲೋ ಹಂಚಿಕೊಂಡ ಮನೆಯ ಒಂದು ಕೋಣೆಯಲ್ಲೋ ಒಬ್ಬರೇ ಇರಿ. ಹಾಸ್ಟೆಲಿನ ಕರಾರು ಎಷ್ಟು ತಿಂಗಳಿಗೆ, ಬಿಡಲು ಎಷ್ಟು ಮೊದಲು ಹೇಳಬೇಕು ಎಂಬುದನ್ನು ಸಹಿ ಹಾಕುವಾಗಲೇ ಗುರುತಿಟ್ಟುಕೊಳ್ಳಿ. ನವೆಂಬರ್‌ನಿಂದ ಬೆಕ್ಕಿನ ಮನೆ ಹುಡುಕಿ. ಫೆಬ್ರುವರಿಯಲ್ಲಿ ಪಾಠ ಮುಗಿದು ಏಪ್ರಿಲ್‌ವರೆಗೆ ರಜೆ. ಮಾರ್ಚ್‌ನಲ್ಲಿ, ಇಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗುವ ಹೊತ್ತಿಗೆ, ಊರಿಗೆ ಬಂದು ಬೆಕ್ಕನ್ನು ಕರೆದುಕೊಂಡು ಹೋಗಿ.

ನೀವೇ ಬರಬೇಕು ಎಂಬುದಕ್ಕೆ ಕಾರಣವಿದೆ. ಬೆಕ್ಕಿನ ಪ್ರಯಾಣ ಯಜಮಾನರ ಪ್ರಯಾಣದ ಹಿಂದೆ ಮುಂದೆ 5 ದಿನದೊಳಗೆ ಇರಬೇಕು. ನೀವು ಅಕ್ಟೋಬರ್‌ನಲ್ಲಿ ಹೋಗಿ, ಜನವರಿಯಲ್ಲಿ ಚಿಕ್ಕಪ್ಪನ ಮಗನ ಕೈಯಲ್ಲಿ ಬೆಕ್ಕನ್ನು ಕಳಿಸಿಕೊಂಡರೆ ಅದು ವ್ಯಾಪಾರದ ಸಾಗಣೆಯ ಕಟ್ಟುನಿಟ್ಟಾದ ನಿಯಮಗಳಿಗೆ ಒಳಪಡುತ್ತದೆ.

ಹಣ ಮತ್ತು ಪುರಾವೆ: ತೋಟದ ಮನೆಯವರ ತೊಡಕು

ಜರ್ಮನಿಯ ಮಾಲೀಕರು ಬಾಡಿಗೆಗೆ ಕೊಡುವ ಮೊದಲು ನೋಡುವುದು ಮೂರು: ಪ್ರತಿ ತಿಂಗಳು ದುಡ್ಡು ಬರುತ್ತದೆಯೇ, ಹಿಂದಿನ ಮಾಲೀಕರಿಗೆ ಬಾಕಿ ಇದೆಯೇ, ಶುಫಾ ಎಂಬ ಸಾಲ ಮಾಹಿತಿ ಸಂಸ್ಥೆಯ ವರದಿ ಹೇಗಿದೆ. ಹೊಸದಾಗಿ ಹೋದವರ ಶುಫಾ ಖಾಲಿ. ಅದನ್ನು ಮುಚ್ಚಿಡಬೇಡಿ, ದೇಶಕ್ಕೆ ಬಂದು ಇಷ್ಟು ತಿಂಗಳಾಯಿತು ಎಂದು ಬರೆಯಿರಿ.

ತಂದೆ ತಾಯಿಯ ಸಂಬಳದ ಚೀಟಿ ಕೊಡಿ ಎಂದರೆ ನಮ್ಮಂಥವರಿಗೆ ಕಷ್ಟ. ತೋಟದ ಆದಾಯಕ್ಕೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ಕಾಫಿ ಮಾರಿದ ತಿಂಗಳು ದುಡ್ಡು, ಉಳಿದ ತಿಂಗಳು ಕೈ ಬಿಗಿ. ಇದನ್ನು ಜರ್ಮನಿಯ ಮಾಲೀಕರಿಗೆ ವಿವರಿಸಲು ನಾನು ಎರಡು ಪುಟ ಬರೆದು ನೋಡಿದ್ದೇನೆ, ಉಪಯೋಗವಾಗಲಿಲ್ಲ. ಕೆಲಸಕ್ಕೆ ಬಂದದ್ದು ಬ್ಲಾಕ್ಡ್ ಅಕೌಂಟ್, ಅಲ್ಲಿಯವರು ಶ್ಪೆರ್‌ಕೊಂಟೋ ಅನ್ನುವ ಖಾತೆಯ ದೃಢೀಕರಣ. ವೀಸಾಕ್ಕಾಗಿ ನೀವು ಹೇಗೂ ಅದನ್ನು ತೆರೆದಿರುತ್ತೀರಿ. 2024ರ ಸೆಪ್ಟೆಂಬರ್‌ನಿಂದ ಅದರಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು, ತಿಂಗಳಿಗೆ 992 ಯೂರೋ ನಿಮ್ಮ ಕೈಗೆ ಬರುತ್ತದೆ. ಆ ಹಾಳೆ ಮುಂದಿಟ್ಟರೆ ಮಾಲೀಕರಿಗೆ ಅರ್ಥವಾಗುತ್ತದೆ. ಜೊತೆಗೆ ವಿಶ್ವವಿದ್ಯಾಲಯದ ದಾಖಲಾತಿ ಪತ್ರ, ಹಾಸ್ಟೆಲಿನವರಿಂದ ಬಾಡಿಗೆ ಬಾಕಿ ಇಲ್ಲ ಎಂಬ ಪತ್ರ, ಅರೆಕಾಲಿಕ ಕೆಲಸ ಹಿಡಿದಿದ್ದರೆ ಅದರ ಕರಾರು. ಇಷ್ಟನ್ನೂ ಒಂದೇ ಪಿಡಿಎಫ್ ಮಾಡಿ ಸಿದ್ಧವಿಡಿ. ಮನೆ ನೋಡಿದ ಸಂಜೆಯೇ ಕಳಿಸಿದವರಿಗೆ ಮನೆ ಸಿಗುವ ಸಂಭವ ಹೆಚ್ಚು.

ಜಾಹೀರಾತಿನ ಭಾಷೆಯಲ್ಲಿ ನಮ್ಮವರು ಮೋಸ ಹೋಗುವ ಜಾಗಗಳಿವೆ. ಕಾಲ್ಟ್‌ಮೀಟೆ ಎಂದರೆ ಬರೀ ಮನೆಯ ಬಾಡಿಗೆ. ವಾರ್ಮ್‌ಮೀಟೆ ಎಂದರೆ ನೀರು, ಕಸ, ಸಾಮಾನ್ಯವಾಗಿ ಮನೆ ಬಿಸಿ ಮಾಡುವ ಖರ್ಚೂ ಸೇರಿದ್ದು. ಕರೆಂಟು, ಇಂಟರ್ನೆಟ್ ಬಹುಮಟ್ಟಿಗೆ ಬೇರೆ. ಟಿವಿ, ರೇಡಿಯೊ ಪ್ರಸಾರ ಶುಲ್ಕ ಎಂದು ಮನೆಗೊಂದಕ್ಕೆ ತಿಂಗಳಿಗೆ 18.36 ಯೂರೋ ಬೇರೆ. "2 ತ್ಸಿಮರ್" ಎಂದರೆ ಎರಡು ಮಲಗುವ ಕೋಣೆಯಲ್ಲ, ನಮ್ಮ ಲೆಕ್ಕದ ಒಂದು ಬಿಎಚ್‌ಕೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆ ಎಂದರೆ ಬರೀ ನಾಲ್ಕು ಗೋಡೆ, ನಲ್ಲಿ ಕೂಡ ಇರುವುದಿಲ್ಲ. ಜಾಹೀರಾತಿನಲ್ಲಿ "ಇಬಿಕೆ" ಎಂದಿದ್ದರೆ ಮಾತ್ರ ಅಡುಗೆಮನೆ ಜೋಡಿಸಿಕೊಟ್ಟಿದ್ದಾರೆ ಎಂದರ್ಥ.

ಮುಂಗಡವನ್ನು ಕೌಟ್ಸಿಯೋನ್ ಅನ್ನುತ್ತಾರೆ. ಕಾನೂನಿನ ಪ್ರಕಾರ ಅದು ಮೂರು ತಿಂಗಳ ಕಾಲ್ಟ್‌ಮೀಟೆ ಮೀರುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟುವ ಹಕ್ಕು ನಿಮಗಿದೆ. 350 ಯೂರೋ ಕಾಲ್ಟ್‌ಮೀಟೆಯ ಮನೆಗೆ 1,050 ಯೂರೋ ತನಕ, ತಿಂಗಳಿಗೆ 350ರಂತೆ. ಬೆಂಗಳೂರಿನಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟವರಿಗೆ ಇದು ಹಗುರ ಅನ್ನಿಸುತ್ತದೆ.

ಊರಿನ ಆಯ್ಕೆಯೂ ಮುಖ್ಯ. ಮ್ಯೂನಿಕ್‌ನಲ್ಲಿ ಬೆಕ್ಕಿಲ್ಲದವರಿಗೇ ಮನೆ ಸಿಗುವುದಿಲ್ಲ. ಮಾಗ್ಡೆಬುರ್ಗ್, ಕೆಮ್ನಿಟ್ಸ್‌ನಂಥ ಪೂರ್ವದ ಊರುಗಳಲ್ಲಿ ಬಾಡಿಗೆ ಕಡಿಮೆ, ಮಾಲೀಕರು ಮಾತಾಡಲು ಸಿಗುತ್ತಾರೆ.

ಕಾನೂನು ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯ 2013ರ ಮಾರ್ಚ್ 20ರಂದು ಒಂದು ತೀರ್ಪು ಕೊಟ್ಟಿತು. ಅಚ್ಚು ಹಾಕಿದ ಮಾದರಿ ಕರಾರಿನಲ್ಲಿ "ನಾಯಿ, ಬೆಕ್ಕು ಸಾಕುವಂತಿಲ್ಲ" ಎಂದು ಸಾರಾಸಗಟಾಗಿ ಬರೆದರೆ ಆ ಕಲಮು ಸಿಂಧುವಲ್ಲ, ಪ್ರತಿ ಪ್ರಕರಣದಲ್ಲೂ ಬಾಡಿಗೆದಾರರು, ಮಾಲೀಕರು, ನೆರೆಯವರ ಹಿತ ತೂಗಿ ನೋಡಬೇಕು ಎಂದಿತು. ಹ್ಯಾಮ್‌ಸ್ಟರ್, ಪಂಜರದ ಹಕ್ಕಿಯಂಥ ಚಿಕ್ಕ ಪ್ರಾಣಿಗಳಿಗೆ ಅನುಮತಿಯೇ ಬೇಡ. ಬೆಕ್ಕು ಆ ಗುಂಪಿಗೆ ಸಾಮಾನ್ಯವಾಗಿ ಸೇರುವುದಿಲ್ಲ.

ಈ ತೀರ್ಪನ್ನು ಓದಿ ಹುಮ್ಮಸ್ಸಿನಲ್ಲಿ ಬೆಕ್ಕಿನ ವಿಷಯ ಹೇಳದೆ ಸಹಿ ಹಾಕಬೇಡಿ. ಕಾನೂನು ನಿಮ್ಮ ನೆರವಿಗೆ ಬರುವುದು ನೀವು ಬಾಡಿಗೆದಾರರಾದ ಮೇಲೆ. ಯಾರಿಗೆ ಮನೆ ಕೊಡಬೇಕು ಎಂಬ ಆಯ್ಕೆ ಅದಕ್ಕೆ ಮೊದಲು ಮಾಲೀಕರದೇ. ನನ್ನ ಪರಿಚಯದ ಹುಡುಗನೊಬ್ಬ ಬೆಕ್ಕನ್ನು ಬಚ್ಚಿಟ್ಟುಕೊಂಡಿದ್ದ. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದರೆ ಬೆಕ್ಕನ್ನು ಬಚ್ಚಲಿಗೆ ಸೇರಿಸುವುದು, ಮರಳಿನ ಚೀಲವನ್ನು ರಾತ್ರಿ ಹೊತ್ತು ತರುವುದು. ನಾಲ್ಕು ತಿಂಗಳಿಗೆ ಮಾಲೀಕರಿಗೆ ತಿಳಿಯಿತು. ಬಿಡಿಸಲಿಲ್ಲ, ಆದರೆ ಆಮೇಲೆ ಅವನ ಒಂದು ಮಾತನ್ನೂ ಅವರು ನಂಬಲಿಲ್ಲ, ಹೀಟರ್ ಕೆಟ್ಟರೂ ಅವನದೇ ತಪ್ಪಾಯಿತು. ಬೆಕ್ಕಿನ ವಿಷಯ ಮೊದಲ ಪತ್ರದಲ್ಲೇ ಇರಲಿ.

ಕರಾರಿನಲ್ಲಿ ಟೀರ್‌ಹಾಲ್ಟುಂಗ್ ಎಂಬ ತಲೆಬರಹ ಹುಡುಕಿ, ಪ್ರಾಣಿ ಸಾಕಣೆಯ ಕಲಮು ಅದು. "ಮಾಲೀಕರ ಒಪ್ಪಿಗೆ ಬೇಕು" ಎಂದಿದ್ದರೆ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ: ಒಂದು ಬೆಕ್ಕು, ಅದರ ಹೆಸರು, ಚಿಪ್ ಸಂಖ್ಯೆ ಸಹಿತ. ಬಾಯಿಮಾತಿನ ಒಪ್ಪಿಗೆ ಮನೆ ಕೈ ಬದಲಾದ ದಿನ ಉಳಿಯುವುದಿಲ್ಲ. ಇನ್ನೊಬ್ಬ ಬಾಡಿಗೆದಾರರಿಂದ ಒಳಬಾಡಿಗೆಗೆ ಕೋಣೆ ಹಿಡಿಯುವುದಾದರೆ ಅವರ ಒಪ್ಪಿಗೆ ಸಾಲದು, ಮನೆಯ ಮೂಲ ಮಾಲೀಕರ ಒಪ್ಪಿಗೆಯೂ ಬೇಕು. ಜೊತೆಗಿರುವವರಲ್ಲಿ ಯಾರಿಗಾದರೂ ಬೆಕ್ಕಿನ ಅಲರ್ಜಿ ಇದೆಯೇ ಎಂದು ಕೇಳಿ. ಇದ್ದರೆ ಆ ಮನೆ ಬಿಟ್ಟುಬಿಡಿ.

ಹೋಂಸ್ಟೇ ನಡೆಸುವವರ ಕಣ್ಣಿನಿಂದ ಪತ್ರ ಬರೆಯಿರಿ

ಕೊಡಗಿನಲ್ಲಿ ನಮಗೆ ಬಾಡಿಗೆ ಮನೆ ಹುಡುಕಿ ಅಭ್ಯಾಸ ಕಡಿಮೆ, ಮನೆ ಕೊಟ್ಟು ಅಭ್ಯಾಸ ಹೆಚ್ಚು. ಎಷ್ಟೋ ಮನೆಗಳಲ್ಲಿ ಹೋಂಸ್ಟೇ ಇದೆ. ನಾಯಿ ತರುತ್ತೇವೆ ಎಂದು ಯಾರಾದರೂ ಫೋನ್ ಮಾಡಿದಾಗ ಅವ್ವ ಏನು ಕೇಳುತ್ತಿದ್ದರು ಎಂದು ನೆನಪು ಮಾಡಿಕೊಂಡೆ. ಹಾಸಿಗೆ ಹತ್ತುತ್ತದಾ? ರಾತ್ರಿ ಕೂಗುತ್ತದಾ? ಗಲೀಜು ಮಾಡಿದರೆ ಯಾರು ತೊಳೆಯುತ್ತಾರೆ? ನೆಲ ಕೆರೆದರೆ ದುಡ್ಡು ಯಾರು ಕೊಡುತ್ತಾರೆ? ಜರ್ಮನಿಯ ಮಾಲೀಕರ ಮನಸ್ಸಿನಲ್ಲಿರುವುದೂ ಇವೇ ಪ್ರಶ್ನೆಗಳು. ಅವರು ಕೇಳುವ ಮೊದಲೇ ಉತ್ತರ ಕೊಟ್ಟುಬಿಡಿ. ನಾನು ಕಳಿಸಿದ ಪತ್ರ ಕನ್ನಡದಲ್ಲಿ ಹೀಗಾಗುತ್ತದೆ:

"ನಮಸ್ಕಾರ. ನಾನು ಇಲ್ಲಿನ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ, ಓದು ಮುಗಿಯಲು ಇನ್ನೂ ಒಂದೂವರೆ ವರ್ಷವಿದೆ. ಧೂಮಪಾನ ಮಾಡುವುದಿಲ್ಲ. ನನ್ನ ಖರ್ಚಿನ ಪುರಾವೆ ಲಗತ್ತಿಸಿದ್ದೇನೆ. ಮಾರ್ಚ್‌ನಿಂದ ನನ್ನ ಜೊತೆ ಒಂದು ಬೆಕ್ಕು ಇರುತ್ತದೆ. ಹೆಸರು ಪೂಚಿ, ಮೂರು ವರ್ಷ, ಹೆಣ್ಣು, ಸಂತಾನಹರಣ ಆಗಿದೆ, ಲಸಿಕೆ ಮತ್ತು ಚಿಪ್ ಇದೆ. ಮನೆಯೊಳಗೇ ಇರುತ್ತದೆ, ತಟ್ಟೆಯ ಮರಳು ಬಳಸುತ್ತದೆ, ಕೆರೆಯಲು ಅದಕ್ಕೆ ಬೇರೆ ಕಂಬವಿದೆ. ಹಾನಿಯಾದರೆ ಭರಿಸಲು ನನಗೆ ಹೊಣೆಗಾರಿಕೆ ವಿಮೆ ಇದೆ. ರಜೆಯಲ್ಲಿ ಊರಿಗೆ ಹೋದಾಗ ಇದೇ ಬೀದಿಯ ಸಹಪಾಠಿ ನೋಡಿಕೊಳ್ಳುತ್ತಾಳೆ. ಚಿತ್ರ ಲಗತ್ತಿಸಿದ್ದೇನೆ. ಬಂದು ನೋಡಲು ಯಾವಾಗ ಅನುಕೂಲ?"

ಪತ್ರ ಜರ್ಮನ್ ಭಾಷೆಯಲ್ಲೇ ಇರಲಿ, ಜರ್ಮನ್ ಗೆಳೆಯರೊಬ್ಬರಿಂದ ತಿದ್ದಿಸಿಕೊಳ್ಳಿ. ಇಮ್ಮೊಬಿಲಿಯೆನ್‌ಸ್ಕೌಟ್24, ವೆಗೆ ಗೆಸೂಖ್ಟ್, ಕ್ಲೈನ್‌ಆನ್‌ಝೈಗನ್ ತಾಣಗಳಲ್ಲಿ ಹುಡುಕುವಾಗ ಸಾಕುಪ್ರಾಣಿಗೆ ಅವಕಾಶ ಎಂಬ ಆಯ್ಕೆಯನ್ನು ಗುರುತು ಹಾಕಿದರೆ ಪಟ್ಟಿ ತೀರ ಚಿಕ್ಕದಾಗುತ್ತದೆ. "ಮಾತುಕತೆಯಂತೆ" ಎಂದು ಬರೆದ ಮನೆಗಳನ್ನೂ ಬಿಡಬೇಡಿ, ನನಗೆ ಸಿಕ್ಕಿದ್ದು ಅಂಥದ್ದೇ. ಮಾಲೀಕರು ಅದೇ ಕಟ್ಟಡದ ಕೆಳಗೆ ಇರುತ್ತಿದ್ದ ವಯಸ್ಸಾದ ದಂಪತಿ. ಅವರು ಕೇಳಿದ್ದು ಒಂದೇ: "ಬೆಕ್ಕಿನ ಚಿತ್ರ ಇನ್ನೊಂದಿದೆಯೇ?"

ಪತ್ರದಲ್ಲಿ ಹೇಳಿದ ವಿಮೆ ಹಾಫ್ಟ್‌ಫ್ಲಿಖ್ಟ್, ನಿಮ್ಮಿಂದ ಬೇರೆಯವರಿಗಾದ ಹಾನಿಗೆ ಕೊಡುವಂಥದ್ದು. ಬೆಕ್ಕಿನಿಂದಾದ ಹಾನಿ ಸಾಮಾನ್ಯವಾಗಿ ಅದರಲ್ಲೇ ಸೇರಿರುತ್ತದೆ, ನಾಯಿಗಾದರೆ ಬೇರೆ ಬೇಕು. ಬಾಡಿಗೆ ಮನೆಗೆ ಆಗುವ ಹಾನಿಯೂ ಸೇರಿದೆಯೇ ಎಂದು ಓದಿ ನೋಡಿ ಕೊಳ್ಳಿ.

ಮೋಸದ ಬಗ್ಗೆ: ಮನೆ ಬಹಳ ಚೆನ್ನಾಗಿರುತ್ತದೆ, ಬಾಡಿಗೆ ಅರ್ಧ, ಬೆಕ್ಕಿಗೆ ತಕ್ಷಣ ಒಪ್ಪಿಗೆ, ಆದರೆ "ನಾನು ಈಗ ಬೇರೆ ದೇಶದಲ್ಲಿದ್ದೇನೆ, ದುಡ್ಡು ಹಾಕಿ, ಬೀಗದಕೈ ಅಂಚೆಯಲ್ಲಿ ಕಳಿಸುತ್ತೇನೆ" ಅನ್ನುತ್ತಾರೆ. ಒಂದು ಪೈಸೆ ಕಳಿಸಬೇಡಿ, ಪಾಸ್‌ಪೋರ್ಟಿನ ಪ್ರತಿಯನ್ನೂ ಕೊಡಬೇಡಿ. ನೀವಿರುವುದು ಬೇರೆ ಊರಾದರೆ ಯಾರನ್ನಾದರೂ ಕಳಿಸಿ ನೋಡಿಸಿ. ಫ್ರಾಂಕ್‌ಫರ್ಟ್ ಸುತ್ತ ರೈನ್ ಮೈನ್ ಕನ್ನಡ ಸಂಘ, ಮ್ಯೂನಿಕ್‌ನಲ್ಲಿ ಸಿರಿಗನ್ನಡಕೂಟ ಇವೆ. ಮನೆ ನೋಡಿ ಬರುವ ಒಬ್ಬ ಕನ್ನಡಿಗರು ಅಲ್ಲಿ ಸಿಗಬಹುದು.

ಮನೆ ನೋಡಲು ಹೋದಾಗ

ಮೊದಲು ಕಿಟಕಿ ನೋಡಿ. ಜರ್ಮನಿಯ ಕಿಟಕಿಗಳು ಎರಡು ಬಗೆಯಲ್ಲಿ ತೆರೆಯುತ್ತವೆ: ಬಾಗಿಲಿನಂತೆ ಪೂರ್ತಿ, ಇಲ್ಲವೇ ಮೇಲ್ಭಾಗ ಮಾತ್ರ ಒಳಕ್ಕೆ ವಾಲಿ. ಆ ವಾಲಿದ ಸಂದು ಬೆಕ್ಕಿನ ಪ್ರಾಣಕ್ಕೆ ಅಪಾಯ. ಹೊರಗಿನ ಹಕ್ಕಿ ನೋಡಿ ನುಸುಳಲು ಹೋಗಿ ಜಾರಿ, ಕೆಳಗೆ ಕಿರಿದಾಗುವ ಸಂದಿನಲ್ಲಿ ಹೊಟ್ಟೆ ಸಿಕ್ಕಿಕೊಳ್ಳುತ್ತದೆ. ಒದ್ದಾಡಿದಷ್ಟೂ ಕೆಳಗಿಳಿಯುತ್ತದೆ, ಹಿಂಗಾಲಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಅಲ್ಲಿನ ಪಶುವೈದ್ಯರು ಇದಕ್ಕೆ ಬೇರೆ ಹೆಸರನ್ನೇ ಇಟ್ಟಿದ್ದಾರೆ, ಕಿಪ್‌ಫೆನ್‌ಸ್ಟರ್ ಸಿಂಡ್ರೋಮ್ ಎಂದು. ಸಂದಿಗೆ ಸಿಕ್ಕಿಸುವ ಜಾಲರಿ ಸಾಕುಪ್ರಾಣಿ ಅಂಗಡಿಗಳಲ್ಲಿ ಸಿಗುತ್ತದೆ, ಮೊಳೆ ಹೊಡೆಯಬೇಕಿಲ್ಲ. ಅದನ್ನು ಹಾಕುವವರೆಗೆ ನೀವು ಮನೆಯಲ್ಲಿಲ್ಲದಾಗ ಕಿಟಕಿ ವಾಲಿಸಿ ಬಿಡಲೇಬೇಡಿ.

ಬಾಲ್ಕನಿ ಇದ್ದರೆ ಬಲೆ ಹಾಕಬೇಕು, ಗೋಡೆಗೆ ತೂತು ಕೊರೆಯುವುದಾದರೆ ಮಾಲೀಕರ ಒಪ್ಪಿಗೆ ಬೇಕು. ನೆಲ ಮರದ್ದೋ, ಕಾರ್ಪೆಟ್ಟಿನದೋ ನೋಡಿ. ಕಾರ್ಪೆಟ್ ಹಾಸಿದ ಮನೆ ಬೇಡ. ಮರಳಿನ ತಟ್ಟೆಗೆ ಜಾಗ ಎಲ್ಲಿ ಎಂದು ನಿಂತು ಯೋಚಿಸಿ, ಒಂದೇ ಕೋಣೆಯ ಮನೆಯಲ್ಲಿ ಊಟದ ಪಕ್ಕದಲ್ಲೇ ಆಗಿಬಿಡುತ್ತದೆ.

ಬೀಗದಕೈ ಕೊಡುವ ದಿನ ಊಬರ್‌ಗಾಬೆ ಪ್ರೊಟೊಕೋಲ್ ಎಂಬ ಹಸ್ತಾಂತರ ಪಟ್ಟಿ ಬರೆಯುತ್ತಾರೆ. ಬಾಗಿಲ ಚೌಕಟ್ಟಿನ ಗೀರು, ಗೋಡೆ ಕಾಗದದ ಹರಿದ ಅಂಚು, ನೆಲದ ಕಲೆ ಒಂದನ್ನೂ ಬಿಡದೆ ಬರೆಸಿ, ಚಿತ್ರ ತೆಗೆಯಿರಿ. ಬೆಕ್ಕಿದೆ ಎಂದಮೇಲೆ ಮನೆ ಬಿಡುವಾಗ ಪ್ರತಿ ಗೀರೂ ಬೆಕ್ಕಿನದೇ ಆಗುತ್ತದೆ. ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳು ಮೊದಲು ಪತ್ರ ಕೊಡಬೇಕು.

ಮನೆ ಸೇರಿದ ಎರಡು ವಾರದೊಳಗೆ ಪೌರ ಕಚೇರಿಯಲ್ಲಿ ವಿಳಾಸ ನೋಂದಣಿ. ಮಾಲೀಕರಿಂದ ವಾಸದ ದೃಢೀಕರಣ ಪತ್ರ ಪಡೆದು ಹೋಗಿ. ನಾಯಿಗೆ ತೆರಿಗೆಯಿದೆ, ಬೆಕ್ಕಿಗಿಲ್ಲ.

ಬೆಕ್ಕಿನ ಪ್ರಯಾಣ

ಬೆಂಗಳೂರಿನಿಂದ ಫ್ರಾಂಕ್‌ಫರ್ಟ್‌ಗೆ ನೇರ ವಿಮಾನವೇ ಒಳ್ಳೆಯದು. ಲುಫ್ತಾನ್ಸಾದಲ್ಲಿ ಬೆಕ್ಕು ಮತ್ತು ಚೀಲ ಸೇರಿ 8 ಕಿಲೋ ಒಳಗಿದ್ದರೆ ನಿಮ್ಮ ಕಾಲಬಳಿಯೇ ಇಟ್ಟುಕೊಳ್ಳಬಹುದು. ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು, ಏಕೆಂದರೆ ಒಂದು ವಿಮಾನದಲ್ಲಿ ಪ್ರಾಣಿಗಳ ಸಂಖ್ಯೆಗೆ ಮಿತಿ ಇದೆ. ಮೊದಲು ಬೆಕ್ಕಿಗೆ ಜಾಗ, ಆಮೇಲೆ ನಿಮ್ಮ ಟಿಕೆಟ್. ಎಮಿರೇಟ್ಸ್ ಬೆಕ್ಕನ್ನು ಪ್ರಯಾಣಿಕರ ಕೋಣೆಯೊಳಗೆ ಬಿಡುವುದಿಲ್ಲ.

ಕೊಡಗಿನಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಒಂದೇ ಏಟಿಗೆ ಹೊರಡಬೇಡಿ. ಪ್ರಮಾಣಪತ್ರದ ಕೆಲಸಕ್ಕೆ ಹೇಗೂ ಬೆಂಗಳೂರಿನಲ್ಲಿ ನಾಲ್ಕೈದು ದಿನ ಬೇಕು. ನೆಂಟರ ಮನೆಯ ಒಂದು ಕೋಣೆಯಲ್ಲಿ ಬೆಕ್ಕನ್ನಿಟ್ಟರೆ ಅದಕ್ಕೂ ವಿಶ್ರಾಂತಿ. ನಿದ್ದೆ ಮಾತ್ರೆ ಕೊಡಬೇಡಿ, ವಿಮಾನದಲ್ಲಿ ಅದು ಉಸಿರಾಟಕ್ಕೆ ಅಪಾಯ ತರಬಹುದು. ತಪಾಸಣೆಯಲ್ಲಿ ಬೆಕ್ಕನ್ನು ಚೀಲದಿಂದ ತೆಗೆದು ಎತ್ತಿಕೊಂಡು ಹೋಗಬೇಕಾಗುತ್ತದೆ. ಎದೆಪಟ್ಟಿ ಮತ್ತು ಹಗ್ಗ ಹಾಕಿರದಿದ್ದರೆ ಆ ಗದ್ದಲದಲ್ಲಿ ಹಾರಿ ಹೋಗುತ್ತದೆ.

ಇಳಿದ ಮೇಲೆ ಹಸಿರು ದಾರಿಯಲ್ಲಿ ಹೋಗಬೇಡಿ, ಕಸ್ಟಮ್ಸ್‌ನ ಕೆಂಪು ದಾರಿಯಲ್ಲಿ ಹೋಗಿ ಕಾಗದ ತೋರಿಸಿ. ಮಾಂಸ, ಹಾಲಿನ ಪದಾರ್ಥಗಳನ್ನು ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ. ಹಂದಿ ಮಾಂಸದ ಉಪ್ಪಿನಕಾಯಿಯನ್ನು ಅವ್ವ ಎಷ್ಟೇ ಪ್ರೀತಿಯಿಂದ ಕಟ್ಟಿಕೊಟ್ಟರೂ ಬೇಡ. ಮಾಂಸ ಸೇರಿದ ಬೆಕ್ಕಿನ ಆಹಾರಕ್ಕೂ ಅದೇ ನಿಯಮ. ಜೇನುತುಪ್ಪ 2 ಕಿಲೋ ತನಕ ಒಯ್ಯಬಹುದು.

ಜರ್ಮನಿ ಅಲ್ಲದಿದ್ದರೆ

ಐರ್ಲೆಂಡ್, ನೆದರ್‌ಲೆಂಡ್ಸ್, ಫ್ರಾನ್ಸ್‌ಗೆ ಬೆಕ್ಕಿನ ಕಾಗದ ಇದೇ. ಬ್ರಿಟನ್ನಿಗೂ ರಕ್ತಪರೀಕ್ಷೆ, ಮೂರು ತಿಂಗಳ ಕಾಯುವಿಕೆ ಇವೆ, ಆದರೆ ವಿಮಾನದಲ್ಲಿ ಸರಕಾಗಿಯೇ ಹೋಗಬೇಕು. ಅಲ್ಲಿನ 2025ರ ಬಾಡಿಗೆದಾರರ ಹಕ್ಕುಗಳ ಕಾಯ್ದೆಯಲ್ಲಿ ಸಾಕುಪ್ರಾಣಿ ಕೋರಿಕೆಯನ್ನು ಮಾಲೀಕರು ಸಕಾರಣವಿಲ್ಲದೆ ನಿರಾಕರಿಸುವಂತಿಲ್ಲ, ಇಂಗ್ಲೆಂಡಿನಲ್ಲಿ ಇದು 2026ರ ಮೇ 1ರಿಂದ ಅನ್ವಯ. ಕೆನಡಾಕ್ಕೆ ರೇಬಿಸ್ ಲಸಿಕೆಯ ಪ್ರಮಾಣಪತ್ರ ಸಾಕು, ಆಂಟೇರಿಯೊ ಪ್ರಾಂತದಲ್ಲಿ ಕರಾರಿನ "ಸಾಕುಪ್ರಾಣಿ ಬೇಡ" ಕಲಮು ಅಸಿಂಧು. ಕಾಂಡೊ ಎಂಬ, ಒಂದೊಂದು ಫ್ಲಾಟಿಗೂ ಬೇರೆ ಬೇರೆ ಒಡೆಯರಿರುವ ಕಟ್ಟಡಗಳ ಸ್ವಂತ ನಿಯಮ ಮಾತ್ರ ಬೇರೆ ಇರಬಹುದು. ಆಸ್ಟ್ರೇಲಿಯಾಕ್ಕೆ ಭಾರತದಿಂದ ಬೆಕ್ಕನ್ನು ನೇರವಾಗಿ ಒಯ್ಯಲು ಬರುವುದಿಲ್ಲ. ಅಲ್ಲಿಗೆ ಹೋಗುವವರು ಬೆಕ್ಕನ್ನು ಮನೆಯವರ ಕೈಗೆ ಒಪ್ಪಿಸಿ ಹೋಗಿ.

ಮೊದಲ ತಿಂಗಳು

ಮೂರು ದಿನ ಪೂಚಿ ಹಾಸಿಗೆಯ ಕೆಳಗಿಂದ ಬರಲಿಲ್ಲ. ಊರಿನ ಹಳೇ ಸೀರೆಯನ್ನು ಪಕ್ಕದಲ್ಲಿಟ್ಟು ನಾನು ನೆಲದ ಮೇಲೇ ಕೂತು ಓದುತ್ತಿದ್ದೆ. ನಾಲ್ಕನೇ ರಾತ್ರಿ ಹೀಟರ್ ಪಕ್ಕ ಬಂದು ಮಲಗಿತು, ನಮ್ಮ ಒಲೆ ಪಕ್ಕ ಮಲಗುತ್ತಿದ್ದ ಹಾಗೇ. ನಿಮ್ಮ ಬೆಕ್ಕೂ ತಡ ಮಾಡಿದರೆ ಎಳೆಯಬೇಡಿ. ಆದರೆ ಎರಡು ದಿನ ಏನೂ ತಿನ್ನದಿದ್ದರೆ ಪಶುವೈದ್ಯರ ಹತ್ತಿರ ಹೋಗಲೇಬೇಕು, ಉಪವಾಸ ಬಿದ್ದರೆ ಬೆಕ್ಕಿನ ಪಿತ್ತಜನಕಾಂಗ ಕೆಡುತ್ತದೆ.

ಆ ಮೊದಲ ಭೇಟಿಯಲ್ಲೇ ಐರೋಪ್ಯ ಸಾಕುಪ್ರಾಣಿ ಪಾಸ್‌ಪೋರ್ಟ್ ಮಾಡಿಸಿ. ಕಳೆದುಹೋದ ಸಾಕುಪ್ರಾಣಿ ಹುಡುಕಲು ನೆರವಾಗುವ ಟಾಸ್ಸೊ ಎಂಬ ಸಂಸ್ಥೆಯಲ್ಲಿ ಚಿಪ್ ಸಂಖ್ಯೆಯನ್ನು ನಿಮ್ಮ ವಿಳಾಸದ ಜೊತೆ ನೋಂದಾಯಿಸಿ, ಅದಕ್ಕೆ ಹಣವಿಲ್ಲ. ಭಾರತದಲ್ಲಿ ಮಾಡಿಸಿದ ರಕ್ತಪರೀಕ್ಷೆಯ ಫಲಿತಾಂಶವನ್ನು ಪಾಸ್‌ಪೋರ್ಟಿನಲ್ಲಿ ವೈದ್ಯರಿಂದ ಬರೆಸಿಕೊಳ್ಳಿ. ಮುಂದೆ ಎಂದಾದರೂ ಬೆಕ್ಕನ್ನು ಊರಿಗೆ ಕರೆತಂದು ಮತ್ತೆ ಒಯ್ಯುವುದಾದರೆ, ಲಸಿಕೆ ಚಾಲ್ತಿಯಲ್ಲಿದ್ದು ಆ ಬರಹ ಇದ್ದರೆ ಮೂರು ತಿಂಗಳು ಕಾಯುವ ಅಗತ್ಯವಿಲ್ಲ. ಲಸಿಕೆಯ ಮುಂದಿನ ದಿನಾಂಕವನ್ನು ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಇನ್ನೊಂದು ಪ್ರತಿ ಅಮ್ಮತ್ತಿಯಲ್ಲಿ ಅವ್ವನ ಹತ್ತಿರ ಇದೆ, ವಾರ ಮೊದಲೇ ಅವರ ಫೋನ್ ಬರುತ್ತದೆ.